ಆಣೆ ಇಡದ ಮೆಂಬರು

ನಮ್ಮ ಚರ್ಚಿನ ಯುವಕ ಸಂಘದ ಇಬ್ಬರು ಕಳೆದ ತಿಂಗಳು ಮನೆಗೆ ಬಂದಿದ್ದರು. ಮುಂದಿನ ಚುನಾವಣೆಗೆ ನಿಲ್ಲುತ್ತಾರಂತೆ. "ಅಂಕಲ್, ನೀವು ಮೂರು ಸಲ ಮೆಂಬರಾಗಿದ್ದೋರು. ಕ್ರೈಸ್ತರಾಗಿ ಇದ್ಕೊಂಡು ರಾಜಕೀಯ ಹೆಂಗ್ ಮಾಡೋದು, ಸ್ವಲ್ಪ ಟಿಪ್ಸ್ ಕೊಡಿ" ಅಂದರು. ಟಿಪ್ಸ್ ಅಂತೆ. ಬಿರಿಯಾನಿಗೆ ಮಸಾಲೆ ಎಷ್ಟು ಹಾಕಬೇಕು ಎಂದು ಕೇಳಿದ ಹಾಗೆ ಕೇಳಿದರು. ನಾನು ಹೇಳಲು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆಲ್ಲ ಒಬ್ಬ ಫೋನ್ ತೆಗೆದ. ನನಗೆ ರೇಗಿಹೋಯಿತು. ಕಾಫಿ ಕುಡಿಸಿ ಕಳಿಸಿಬಿಟ್ಟೆ. ಬರೆದಾದರೂ ಇಡೋಣ, ಓದುವವರು ಓದಲಿ ಎಂದು ಈಗ ಕೂತಿದ್ದೇನೆ.

ನನ್ನ ಹೆಸರು ಚೌರಪ್ಪ. ಚಂದಾಪುರದಿಂದ ಒಳಕ್ಕೆ ಬಂದರೆ ನಮ್ಮೂರು. ಎಲೆಕ್ಟ್ರಾನಿಕ್ ಸಿಟಿ ಇಲ್ಲದ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಬಾಡಿಗೆ ಮನೆಗಳೂ ಪಿಜಿಗಳೂ ಎದ್ದಿವೆ. ಊರಿನ ಮುಕ್ಕಾಲು ಪಾಲು ಒಕ್ಕಲುತನದ ಹಿಂದೂ ಮನೆತನಗಳು. ನಮ್ಮದು ಅಜ್ಜನ ಕಾಲದಿಂದ ಬಂದ ಕಥೋಲಿಕರ ಒಂದು ಬೀದಿ, ಬೀದಿಯ ಕೊನೆಗೆ ಚರ್ಚು, ಚರ್ಚಿನ ಹಿಂದೆ ಸಮಾಧಿ ತೋಟ. ನಾನು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವನು. ಸ್ವಯಂ ನಿವೃತ್ತಿ ತಗೊಂಡು ಗ್ರಾಮ ಪಂಚಾಯಿತಿಗೆ ನಿಂತೆ. ಹೇಗೆ ಗೆದ್ದೆ, ಉಪಾಧ್ಯಕ್ಷ ಹೇಗಾದೆ ಎನ್ನುವುದನ್ನೆಲ್ಲ ಬರೆಯುವುದಿಲ್ಲ. ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ.

ಈ ಹುಡುಗರಿಗೆ ಲಂಚದ ಬಗ್ಗೆಯೇ ಭಯ. ಯಾರಾದರೂ ಕವರ್ ಕೊಟ್ಟರೆ ಏನು ಮಾಡೋದು ಅಂಕಲ್ ಎಂದು ಕೇಳಿದರು. ಬೇಡ ಅನ್ನಿ, ಮುಗೀತು. ಅದಕ್ಕೆ ಮೂರು ಸಲ ಮೆಂಬರ್ ಆಗಬೇಕಾಗಿಲ್ಲ. ಕೆಟ್ಟವರು ಕೆಟ್ಟದ್ದನ್ನು ಕೇಳಿದಾಗ ಇಲ್ಲ ಎನ್ನುವುದು ಸುಲಭ. ನಮ್ಮವರೇ ಬಂದು, ನ್ಯಾಯವಾದದ್ದನ್ನೇ ಕೇಳಿದಾಗ ಏನು ಮಾಡುತ್ತೀರಿ? ಅದನ್ನು ಅವರು ಕೇಳಲಿಲ್ಲ. ನನಗೆ ಹೇಳಬೇಕಾಗಿದ್ದದ್ದು ಅದೇ.

ಮೊದಲು ಒಂದು ನಗೆಪಾಟಲಿನ ಸಂಗತಿ. ನಾನು ಗೆದ್ದ ಮೇಲೆ ಬಂದ ಮೊದಲ ಕೆಲಸ ಶಾಲೆ ಹತ್ತಿರದ ಚರಂಡಿ. ಗುದ್ದಲಿ ಪೂಜೆಗೆ ಕರೆದರು. ಅರಿಶಿನ ಕುಂಕುಮ ಹಚ್ಚಿದ ಗುದ್ದಲಿ, ಊದಿನಕಡ್ಡಿ, ತೆಂಗಿನಕಾಯಿ ಎಲ್ಲ ಸಿದ್ಧವಾಗಿತ್ತು. "ಕಾಯಿ ಒಡೀರಿ ಮೆಂಬರೇ" ಅಂದರು. ನಾನು ದೊಡ್ಡ ವಿಶ್ವಾಸಿಯ ಹಾಗೆ ಕೈಕಟ್ಟಿ ನಿಂತು, ಇದೆಲ್ಲ ನಮ್ಮಲ್ಲಿ ಇಲ್ಲ ಅಂದೆ. ಸರಿ, ಗುತ್ತಿಗೆದಾರ ಒಡೆಯಲು ಹೋದ. ಕೆಲಸಗಾರರು ಒಪ್ಪಲಿಲ್ಲ. ಮೆಂಬರ್ ಕೈಯಿಂದಲೇ ಆಗಬೇಕು, ಇಲ್ಲದಿದ್ದರೆ ಯಾರಿಗಾದರೂ ಏಟು ಬೀಳುತ್ತೆ ಎಂದು ಗುದ್ದಲಿ ಕೆಳಗಿಟ್ಟರು. ಕೆಲಸ ನಿಂತಿತು. ಮಳೆ ಬಂದು ಶಾಲೆ ಅಂಗಳಕ್ಕೆ ಕೊಚ್ಚೆ ನುಗ್ಗಿತು. ಮೇಡಂಗಳು ನನ್ನನ್ನು ಕಂಡಲ್ಲಿ ಮುಖ ತಿರುಗಿಸಿದರು.

ಆಗ ನಮ್ಮ ಚರ್ಚಿನಲ್ಲಿದ್ದ ಹಳೆಯ ಫಾದರ್ ನನ್ನನ್ನು ಕರೆದು, "ಚೌರಪ್ಪ, ಮಕ್ಕಳು ಕೊಚ್ಚೇಲಿ ನಡೀತಿದಾವೆ, ನೀನು ಕಾಯಿಗೆ ಹೆದರಿಕೊಂಡು ಕೂತಿದೀಯ. ನಿನ್ನ ವಿಶ್ವಾಸ ಅಷ್ಟು ಪುಕ್ಕಲಾ?" ಎಂದು ಕೇಳಿದರು. ಮಾರನೇ ದಿನ ಹೋಗಿ ಕಾಯಿ ಒಡೆದೆ. ನಮ್ಮ ದೊಡ್ಡಪ್ಪನ ಮಗ ಇನ್ನಾಸಪ್ಪ, ಚರ್ಚಿನ ಪಾಲನಾ ಸಮಿತಿ ಕಾರ್ಯದರ್ಶಿ, ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ನನ್ನನ್ನು ತಡೆದ. "ಇವತ್ತು ಕಾಯಿ ಒಡ್ದೆ, ನಾಳೆ ಏನ್ ಮಾಡ್ತೀಯೋ ಚೌರಿ" ಅಂದ. ಇನ್ನಾಸಣ್ಣ ಹಾಗೆಯೇ. ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬರುವುದಕ್ಕೆ ಒಂದು ಕ್ಷಣವೂ ಬೇಡ ಅವನಿಗೆ. ಚಿಕ್ಕಂದಿನಲ್ಲಿ ನನಗೆ ಈಜು ಕಲಿಸಿದವನೂ ಅವನೇ.

ಕಾಯಿ ಒಡೆದೆ, ಆದರೆ ಒಂದು ವಿಷಯದಲ್ಲಿ ನಾನು ಜಗ್ಗಲಿಲ್ಲ. ನಮ್ಮ ಮನೆಯಲ್ಲಿ ಆಣೆ ಇಡುವ ಅಭ್ಯಾಸವಿಲ್ಲ. ಆಟಕ್ಕೆ "ದೇವ್ರಾಣೆ" ಅಂದರೂ ನಮ್ಮಪ್ಪ ಅಂತೋಣಪ್ಪ ಕೆನ್ನೆಗೆ ಬಾರಿಸುತ್ತಿದ್ದ. ಹೇಳಿದ ಮೇಲೆ ಮಾಡು, ಮಾಡದಿದ್ದರೆ ಹೇಳಬೇಡ, ನಡುವೆ ದೇವರನ್ನು ಯಾಕೆ ಎಳೀತೀಯ ಎನ್ನುವುದು ಅವನ ಲೆಕ್ಕ. ಊರಿಗೆಲ್ಲ ಇದು ಗೊತ್ತಿತ್ತು. ಹೊಲದ ಗಡಿ ಜಗಳಗಳಲ್ಲಿ ಪಂಚರು ಬೇರೆಯವರಿಗೆ ಆಣೆ ಹಾಕಿಸಿ, ನಮ್ಮಪ್ಪನಿಗೆ ಮಾತ್ರ "ನೀನು ಹೇಳಪ್ಪ ಸಾಕು" ಅನ್ನುತ್ತಿದ್ದರಂತೆ.

ಕಾಲ ಬದಲಾಯಿತು. ನನ್ನ ಮೊದಲ ಅವಧಿಯಲ್ಲಿ ಅಧ್ಯಕ್ಷರ ಚುನಾವಣೆ ಅಂದರೆ ಪಂಚಾಯಿತಿ ಹಾಲ್‌ನಲ್ಲಿ ಟೀ, ಬೋಂಡ, ಚೀಟಿ ಹಾಕೋದು, ಮನೆಗೆ ಹೋಗೋದು. ಜಮೀನಿನ ಬೆಲೆ ಏರಿದ ಹಾಗೆ ರೆಸಾರ್ಟು ಬಂತು. ಮೂರನೇ ಅವಧಿಯಲ್ಲಿ ಕೆಂಪರಾಜಣ್ಣ ಅಧ್ಯಕ್ಷಗಿರಿಗೆ ನಿಂತರು. ಊರಿನ ಹಳೇ ಜಮೀನ್ದಾರಿ ಮನೆಯವರು, ನಾಲ್ಕಾರು ಪಿಜಿಗಳ ಮಾಲೀಕರು, ಬಾಯಿ ತುಂಬ ಮಾತು. ನನ್ನನ್ನು ರಾಜಕೀಯಕ್ಕೆ ಎಳೆದವರೂ ಅವರೇ. ಎರಡೂ ಗುಂಪಿನ ಬಲ ಹೆಚ್ಚುಕಮ್ಮಿ ಸಮ ಇದ್ದದ್ದರಿಂದ ತಮ್ಮ ಕಡೆಯ ಮೆಂಬರುಗಳನ್ನೆಲ್ಲ ವ್ಯಾನಿಗೆ ತುಂಬಿ ಗಡಿಯಾಚೆಯ ಒಂದು ರೆಸಾರ್ಟಿಗೆ ಕರೆದುಕೊಂಡು ಹೋದರು. ಹೋದ ಕೂಡಲೇ ಎಲ್ಲರ ಫೋನ್ ತೆಗೆದು ಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನ ಊಟಕ್ಕೆ ಮೊದಲು ಆಣೆ. ಮನೆದೇವರ ಪಟ ಇಟ್ಟು, ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಒಬ್ಬೊಬ್ಬರೇ ಬಂದು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಕೆಂಪರಾಜಣ್ಣನಿಗೇ ಮತ ಹಾಕುತ್ತೇನೆ ಎಂದು ಹೇಳಬೇಕು. ನನ್ನ ಸರದಿ ಬಂತು. ಕೆಂಪರಾಜಣ್ಣನ ಬಾಮೈದ ಹೊಸದೊಂದು ಚೀಲದಿಂದ ಯೇಸುವಿನ ತಾಯಿ ಆರೋಗ್ಯಮಾತೆಯ ಪಟ ತೆಗೆದು ಮೇಜಿನ ಮೇಲಿಟ್ಟ. ಪಕ್ಕಕ್ಕೆ ಒಂದು ಮೇಣದಬತ್ತಿ.

"ಚೌರಪ್ಪ, ನಿಂಗೆ ಬ್ಯಾರೆ ಯವಸ್ಥೆ ಮಾಡಿಸಿವ್ನಿ" ಅಂದರು ಕೆಂಪರಾಜಣ್ಣ. "ಕರ್ಪೂರ ಬ್ಯಾಡ. ಮೇಣದ್ಬತ್ತಿ ಆರ್ಸಿ ಒಂದ್ ಮಾತ್ ಏಳ್ಬುಡು, ಉಣ್ಣಕ್ಕೆ ಏಳಾಣ."

ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವುದನ್ನು ನೋಡಿದ್ದರು. ಆರಿಸುವುದೂ ನಮ್ಮಲ್ಲಿ ಆಣೆ ಇರಬೇಕು ಎಂದುಕೊಂಡಿದ್ದರು. ನನಗೆ ನಗು ಬಂತು, ನಗುವ ಹೊತ್ತಾಗಿರಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾವು ಆಣೆ ಇಡಲ್ಲ ಕೆಂಪರಾಜಣ್ಣ. ನಿಮಗೆ ಹಾಕ್ತೀನಿ ಅಂದಿದೀನಿ, ಹಾಕ್ತೀನಿ."

"ಇಡಲ್ಲ ಅಂದ್ರೆ ಏನರ್ಥ?" ಬಾಮೈದ ಬಾಗಿಲಿಗೆ ಅಡ್ಡ ಬಂದು ನಿಂತ. "ಆ ಕಡೆಯೋರು ಮಾತಾಡ್ಸವ್ರೆ ಇವ್ನ್ನ. ನೋಡ್ದ್ರೇ ಗೊತ್ತಾಯ್ತದೆ."

ಇನ್ನೊಬ್ಬ ಮೆಂಬರು, "ನಾವೆಲ್ಲಾ ಕೈ ಸುಟ್ಕೊಂಡ್ವಿ, ಇವ್ನಿಗೇನು ಸ್ಪೆಷಲ್ಲಾ?" ಅಂದ. ಫೋನಿಲ್ಲ, ವ್ಯಾನಿಲ್ಲ, ಹೊರಗೆ ಗೇಟಿಗೆ ಬೀಗ. ಒಂದು ಮೇಣದಬತ್ತಿ ತಾನೇ, ಊದಿಬಿಟ್ಟರೆ ಏನು ಎಂದು ನನಗೂ ಅನ್ನಿಸಿತು. ಆದರೂ ಕೈ ಮುಂದೆ ಹೋಗಲಿಲ್ಲ.

ಕೆಂಪರಾಜಣ್ಣ ಬಾಮೈದನಿಗೆ ಬಾಗಿಲಿನಿಂದ ಸರಿಯಲು ಕೈ ಮಾಡಿದರು. ಆಮೇಲೆ, "ಬುಡ್ರಲಾ. ಇವ್ರಪ್ಪನೂ ಇಂಗೇಯ" ಎಂದು ತಾವೇ ಬತ್ತಿಯನ್ನು ಊದಿ ಆರಿಸಿ ಊಟಕ್ಕೆ ಎದ್ದರು. ಊಟ ಮುಗಿದ ಮೇಲೆ ನನ್ನನ್ನು ಹೊರಗೆ ಹುಲ್ಲಿನ ಮೇಲೆ ಕೂರಿಸಿಕೊಂಡರು. "ನಿಮ್ಮೋರಿಗೆ ಮಣ್ಣು ಮಾಡಕ್ಕೆ ಜಾಗ ಇಲ್ಲ ಅಂತ ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗವ್ರೆ. ನಾನ್ ಅಧ್ಯಕ್ಷ ಆದ್ರೆ ಗುಂಡುತೋಪಿನ ಜಾಗ ಕೊಡಿಸ್ತೀನಿ. ಅರ್ಧ ನಿಮ್ ಸಮಾಧಿಗೆ, ಅರ್ಧದಲ್ಲಿ ನನ್ ಬಡಾವಣೆಗೊಂದು ರಸ್ತೆ. ಮುಚ್ಚುಮರೆ ಏನಿಲ್ಲ."

ಗುಂಡುತೋಪು ಊರಿಗೆ ಸೇರಿದ ಹಳೆಯ ಮಾವಿನ ತೋಪು. ಮರಗಳು ಹೋಗಿ ಬಹಳ ಕಾಲವಾಗಿತ್ತು. ಅಲ್ಲಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ತಗಡಿನ ಶೀಟು ಹೊದಿಸಿ ಮನೆ ಮಾಡಿಕೊಂಡಿದ್ದವು. ನಾನು ಕೆಂಪರಾಜಣ್ಣನಿಗೆ, "ಅವ್ರಿಗೆ ಬದುಕೋಕಾಗೋ ಜಾಗ ಮೊದ್ಲು ತೋರಿಸಿ. ಆಮೇಲೆ ಎಲ್ಲರಿಗಿಂತ ಮೊದ್ಲು ನಾನೇ ಕೈ ಎತ್ತುತೀನಿ" ಅಂದೆ. ಆಗಲಿ ಅಂದರು.

ಕೆಂಪರಾಜಣ್ಣ ಒಂದೇ ಮತದಿಂದ ಗೆದ್ದರು. ಕರ್ಪೂರ ಆರಿಸಿದವರಲ್ಲೇ ಒಬ್ಬ ಆ ಕಡೆಗೆ ಹಾಕಿದ್ದ, ಆ ಕಡೆಯವನೊಬ್ಬ ಈ ಕಡೆಗೆ ಹಾಕಿದ್ದ. ನಮ್ಮಲ್ಲೇ ಯಾರೋ ಕೈಕೊಟ್ಟಿದ್ದಾರೆ ಎಂಬ ಸುದ್ದಿ ಬಂದದ್ದೇ ಬಾಮೈದ ನನ್ನ ಕಾಲರ್ ಹಿಡಿಯಲು ಬಂದ. ಕೆಂಪರಾಜಣ್ಣ ಅವನನ್ನು ತಳ್ಳಿ, "ಇವ್ನಲ್ಲ ಕಣ್ಲಾ" ಅಂದರು. ನನ್ನ ರಾಜಕೀಯದಲ್ಲಿ ನನಗೆ ಸಿಕ್ಕ ಸನ್ಮಾನ ಅದೊಂದೇ ಎಂದು ಇವತ್ತೂ ಅಂದುಕೊಳ್ಳುತ್ತೇನೆ.

ಈಗ ಸಮಾಧಿಯ ವಿಷಯ ಬಿಡಿಸಿ ಹೇಳಬೇಕು. ನಮ್ಮ ಸಮಾಧಿ ತೋಟದಲ್ಲಿ ಹೊಸ ಗುಂಡಿಗೆ ಜಾಗ ಮುಗಿದುಹೋಗಿತ್ತು. ಆಯಾ ಮನೆಯವರು ತಮ್ಮ ಹಳೆಯ ಸಮಾಧಿಯನ್ನೇ ಮತ್ತೆ ತೆಗೆದು, ಹಿರಿಯರ ಮೂಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕೆಳಗೆ ಇಟ್ಟು, ಮೇಲೆ ಹೊಸ ಪೆಟ್ಟಿಗೆ ಇಳಿಸಬೇಕು. ಒಮ್ಮೆ ಇಳಿಸಿದ ಮೇಲೆ ಹಲವು ವರ್ಷ ಅದನ್ನು ಮುಟ್ಟುವ ಹಾಗಿಲ್ಲ. ಸಮಾಧಿಯೇ ಇಲ್ಲದ ಮನೆಗಳು ಹೆಣವನ್ನು ಬೆಂಗಳೂರಿನ ಆ ತುದಿಗೆ ಒಯ್ಯಬೇಕಾಗಿತ್ತು. ಅಲ್ಲಿಯೂ ಸಿಕ್ಕರೆ ಸಿಕ್ಕಿತು. ನಮ್ಮ ಜನ ಕೇಳುತ್ತಿದ್ದದ್ದು ಅನ್ಯಾಯವೇನಲ್ಲ.

ನನ್ನ ಮನೆಯಲ್ಲಿ ಇದು ಬರೀ ಅರ್ಜಿಯ ವಿಷಯವಾಗಿ ಉಳಿದಿರಲಿಲ್ಲ. ನನ್ನ ಹೆಂಡತಿ ಲೂರ್ದಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಬೇಕಾದ್ದನ್ನು ಹೇಳಿದ್ದರು. ಅವಳಿಗೂ ಗೊತ್ತಿತ್ತು. ನಮ್ಮಪ್ಪನ ಸಮಾಧಿಯಲ್ಲಿ ನನ್ನ ತಮ್ಮನನ್ನು ಇತ್ತೀಚೆಗಷ್ಟೇ ಮಲಗಿಸಿದ್ದೆವು, ಅದನ್ನು ತೆಗೆಯುವಂತಿರಲಿಲ್ಲ. ಸುಡುವುದಕ್ಕೂ ಈಗ ನಮ್ಮ ಕಥೋಲಿಕ ಧರ್ಮಸಭೆ ಒಪ್ಪುತ್ತದೆ. ಆದರೆ ಲೂರ್ದು ಚಿಕ್ಕಂದಿನಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ಅಕ್ಕನನ್ನು ಕಳೆದುಕೊಂಡವಳು. "ಬೆಂಕಿಗೆ ಮಾತ್ರ ಕೊಡ್ಬೇಡಿ ನನ್ನ" ಎಂದು ಮಗಳು ಶಾಂತಿಯ ಮುಂದೆಯೇ ಹೇಳಿದ್ದಳು.

ಕೆಂಪರಾಜಣ್ಣ ಮಾತು ಮರೆಯಲಿಲ್ಲ. ಒಂದು ದಿನ ಜೀಪಿನಲ್ಲಿ ಕೂರಿಸಿಕೊಂಡು ಜಾಗ ತೋರಿಸಲು ಕರೆದೊಯ್ದರು. ನಾನು ಯಲ್ಲವ್ವನನ್ನೂ ಕರೆದುಕೊಂಡೆ. ಯಲ್ಲವ್ವ ತೋಪಿನ ಮೊದಲ ಶೀಟು ಮನೆಯವಳು. ಗಂಡ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಜೋಳದ ರೊಟ್ಟಿ ತಟ್ಟಿ ಎಲೆಕ್ಟ್ರಾನಿಕ್ ಸಿಟಿಯ ಕೂಲಿಯವರಿಗೆ ಮಾರಿ ಮನೆ ನಡೆಸುತ್ತಿದ್ದಳು. ಬಾಯಿ ಅಂದರೆ ಬಾಯಿ. ಅವರದೆಲ್ಲ ಓಟು ಉತ್ತರ ಕರ್ನಾಟಕದ ತಮ್ಮ ಊರುಗಳಲ್ಲೇ ಇತ್ತು. ತೋಪಿನಿಂದ ನನಗೆ ಒಂದು ಮತವೂ ಬರುವುದಿಲ್ಲ, ಇದನ್ನು ಹುಡುಗರು ನೆನಪಿಡಬೇಕು.

ಜಾಗ ಮುಚ್ಚಿಹೋದ ಕಲ್ಲು ಕ್ವಾರಿಯ ಅಂಚಿನಲ್ಲಿತ್ತು. ಬಸ್ಸಿಲ್ಲ, ನೀರಿಲ್ಲ, ಕಸದ ಲಾರಿಗಳು ಬಂದು ಸುರಿಯುವ ವಾಸನೆ. ಯಲ್ಲವ್ವ ಜೀಪಿನಿಂದ ಇಳಿದು ಸುತ್ತಲೂ ನೋಡಿದಳು.

"ಇಲ್ಲಿ ರೊಟ್ಟಿ ಯಾರ್ ತಗೋತಾರ್ರಿ? ನಾಯಿಗಿ ಹಾಕ್ಲೇನು?"

"ಜಾಗ ಕೊಡೋದೇ ದೊಡ್ದು. ಎಲ್ರಿಗೂ ಐಟಿ ಪಾರ್ಕ್ ಮುಂದೇನೇ ಬೇಕಾ?" ಅಂದರು ಕೆಂಪರಾಜಣ್ಣ.

"ನಿಮ್ಮ ಐಟಿ ಪಾರ್ಕಿಗಿ ಇಟ್ಟಂಗಿ ಹೊತ್ತವ್ರು ನಾವು. ಹೊರೂ ಮುಂದ ಹತ್ರ ಬೇಕಾಗಿದ್ವಿ" ಎಂದು ಅವಳು ಸೆರಗು ಮೂಗಿಗೆ ಹಿಡಿದು ಜೀಪಿಗೆ ಹತ್ತಿ ಕೂತಳು. ನನ್ನ ಕಡೆಗೂ ನೋಡಲಿಲ್ಲ. ನಾನೂ ಆ ಜೀಪಿನಲ್ಲಿ ಬಂದವನೇ ಅಲ್ಲವೇ.

ಕೆಂಪರಾಜಣ್ಣ ನನಗೆ, "ಜಾಗ ತೋರ್ಸು ಅಂದೆ, ತೋರ್ಸಿವ್ನಿ. ಇನ್ನು ನಿನ್ ಮಾತು" ಅಂದರು. ಬದುಕೋಕಾಗೋ ಜಾಗ ಅಂದಿದ್ದೆ ಎಂದು ನಾನು ಹೇಳಿದೆ. "ಅಲ್ಲೂ ಬದುಕ್ತಾರೆ ಬುಡು. ಜನ ಎಲ್ ಬದುಕಲ್ಲ?" ಅಂದರು.

ನಿರ್ಣಯ ಸಾಮಾನ್ಯ ಸಭೆಗೆ ಬರುವ ದಿನ ಗೊತ್ತಾಯಿತು. ಪಂಚಾಯಿತಿ ಒಪ್ಪಿದರೆ ತೋಪು ತೆರವು, ತಹಶೀಲ್ದಾರರ ಮಂಜೂರಾತಿ, ಎಲ್ಲ ಸರಸರ ಆಗುವುದಿತ್ತು. ಮತ್ತೆ ಬಲ ಸಮಸಮ. ನಾನು ಕೈ ಎತ್ತಿದರೆ ಆಯಿತು, ಎತ್ತದಿದ್ದರೆ ಬಿತ್ತು. ಆ ವಾರ ನನ್ನ ಮನೆಗೆ ಬಂದವರಿಗೆ ಕೂರಲು ಕುರ್ಚಿ ಸಾಲಲಿಲ್ಲ. ನಮ್ಮ ಬೀದಿಯವರು, ಮಹಿಳಾ ಸಂಘದವರು, ಫಾದರ್ ಕಡೆಯಿಂದ ಒಬ್ಬರು. ಕೊನೆಗೆ ಇನ್ನಾಸಣ್ಣ ಬಂದ. ಅವನು ಕೂರಲಿಲ್ಲ.

"ಚೌರಿ, ನಿನ್ ಹೆಂಡ್ತಿನ ಎಲ್ಲಿಡ್ತೀಯೋ?"

ಲೂರ್ದು ಒಳಗೆ ಮಲಗಿದ್ದಳು, ಬಾಗಿಲು ತೆರೆದಿತ್ತು. ನಾನು ಮೆಲ್ಲಗೆ ಮಾತಾಡಣ್ಣ ಅಂದೆ.

"ಯಾಕ್ ಮೆಲ್ಲಗೆ? ಅವ್ಳಿಗ್ ಗೊತ್ತಿಲ್ವಾ? ನಮ್ಮವ್ವನ ಸಮಾಧಿ ಒಂದಿದೆ ನಂಗೆ, ನಾನ್ ಅಲ್ಲಿ ಹೋಗಿ ಮಲ್ಕೋತೀನಿ. ಬಾಕಿಯೋರು? ನಮ್ ಜನ ನಿನ್ನ ಗೆಲ್ಸಿದ್ದು ಇದಕ್ಕೇನೋ? ಯಾರೋ ಎಲ್ಲಿಂದ್ಲೋ ಬಂದೋರಿಗೋಸ್ಕರ ನಿನ್ನೋರ್ನ ಬೀದಿಗ್ ಹಾಕ್ತೀಯಾ?"

"ಬೀದಿಗ್ ಹಾಕ್ತಿರೋದು ಅವ್ರನ್ನಲ್ವಾ ಅಣ್ಣ?"

"ದೊಡ್ಡ ಮಾತಾಡ್ಬೇಡ. ನಿನ್ ಕೈ ಏಳ್ಲಿಲ್ಲ ಅಂದ್ರೆ ನನ್ ಮುಖ ನೋಡ್ಬೇಡ" ಎಂದು ಹೋದ. ಕೋಪಕ್ಕೆ ಅವನ ಕತ್ತಿನ ನರ ಉಬ್ಬಿತ್ತು, ಕಣ್ಣು ಒದ್ದೆಯಾಗಿತ್ತು. ಅವನು ಸ್ವಾರ್ಥಕ್ಕೆ ಬಂದವನಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಸಭೆಯ ದಿನ ಬೆಳಿಗ್ಗೆ ಲೂರ್ದುವನ್ನು ಡಯಾಲಿಸಿಸ್‌ಗೆ ಆಟೋದಲ್ಲಿ ಕರೆದುಕೊಂಡು ಹೊರಟೆ. ಬೊಮ್ಮಸಂದ್ರದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತೆವು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ನನ್ನ ಕೇಳ್ಬೇಡಿ."

"ಏನನ್ನ?"

"ಅದನ್ನೇ. ನೀವೇನಾದ್ರೂ ಮಾಡ್ಕೊಳ್ಳಿ. ನನ್ನ ಕೇಳಿದ್ರೆ ನಂಗೆ ಜಾಗ ಬೇಕು ಅಂತಾನೇ ಹೇಳ್ತೀನಿ. ಅದಕ್ಕೇ ಕೇಳ್ಬೇಡಿ."

ನಾನು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅವಳ ಕೈಗೆ ಸೂಜಿ ಚುಚ್ಚುವವರೆಗೆ ಇದ್ದು, ಶಾಂತಿಯನ್ನು ಅಲ್ಲಿ ಬಿಟ್ಟು ಬಸ್ಸು ಹತ್ತಿದೆ. ದಾರಿಯಲ್ಲಿ ಪ್ರಾರ್ಥನೆ ಮಾಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಮಾಡಲು ಆಗಲಿಲ್ಲ.

ಪಂಚಾಯಿತಿ ಕಚೇರಿಯ ಮುಂದೆ ಒಂದು ಕಡೆ ನಮ್ಮ ಚರ್ಚಿನ ಜನ ನಿಂತಿದ್ದರು. ಇನ್ನೊಂದು ಕಡೆ ತೋಪಿನ ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಕೂತಿದ್ದರು. ನಡುವೆ ಇಬ್ಬರು ಪೊಲೀಸರು. ಎರಡೂ ಕಡೆಯವರು ನನ್ನನ್ನು ನೋಡಿದರು. ಒಳಗೆ ಪಿಡಿಓ ವಿಷಯ ಓದಿದರು. ಕೆಂಪರಾಜಣ್ಣ ನನ್ನ ಕಡೆ ತಿರುಗಿ, "ಮೊದ್ಲು ಚೌರಪ್ಪನೇ ಕೈ ಎತ್ತಲಿ. ಅವ್ನೇ ಏಳಿದ್ದ" ಅಂದರು.

ನಾನು ಎದ್ದು ನಿಂತೆ. ತಯಾರಿ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. "ನಮ್ಮೋರಿಗೆ ಸಮಾಧಿ ಬೇಕು. ನಮ್ಮನೇಗೇ ಬೇಕಾಗತ್ತೆ, ನಿಮಗೆಲ್ಲ ಗೊತ್ತಿದೆ. ನಾನ್ ಕ್ವಾರಿ ನೋಡ್ದೆ. ಅಲ್ಲಿ ನನ್ ಮಗಳನ್ನ ಇಡಲ್ಲ. ಅವ್ರ ಮಕ್ಕಳನ್ನ ಇಡಿ ಅಂತ ಹೆಂಗ್ ಹೇಳ್ಲಿ? ನಾನು ಕೈ ಎತ್ತಲ್ಲ." ಇಷ್ಟು ಹೇಳಿ ಕೂತೆ. ನಿರ್ಣಯ ಬಿತ್ತು.

ಹೊರಗೆ ಬಂದಾಗ ನಮ್ಮವರು ದಾರಿ ಬಿಟ್ಟು ಸರಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇನ್ನಾಸಣ್ಣ ಬೆನ್ನು ತಿರುಗಿಸಿ ನಿಂತ. ಕೆಂಪರಾಜಣ್ಣ ಮಾತ್ರ ಹತ್ತಿರ ಬಂದು, "ನೀನ್ ಆಣೆ ಇಟ್ಟಿದ್ರೆ ಚೆಂದಾಗಿರೋದು. ಆಣೆ ಮುರ್ದ ಅಂತ ಬೈಕಂಡಾದ್ರೂ ಇರ್ತಿದ್ದೆ" ಅಂದರು. ಆಮೇಲೆ ನನ್ನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ. ರಸ್ತೆಯನ್ನು ಬೇರೆ ದಾರಿಯಿಂದ ಮಾಡಿಸಿಕೊಂಡರು.

ಆಸ್ಪತ್ರೆಯಿಂದ ಬಂದ ಲೂರ್ದುಗೆ ಶಾಂತಿಯೇ ವಿಷಯ ಹೇಳಿದ್ದಳು. ಅವಳು ಗೋಡೆ ಕಡೆಗೆ ಮುಖ ಮಾಡಿ ಮಲಗಿದಳು. ಮಾರನೇ ದಿನ ಸಂಜೆಯವರೆಗೆ ಮಾತಿಲ್ಲ. ಸಂಜೆ ಎದ್ದು ಕೂತು, "ಬೆಳಿಗ್ಗೆಯಿಂದ ಏನೂ ತಿಂದಿಲ್ವಂತೆ. ತಟ್ಟೆ ಹಾಕೊಳ್ಳಿ" ಅಂದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತೋ ಏನೋ, ನನಗೆ ಇವತ್ತಿಗೂ ತಿಳಿಯದು.

ಆ ವರ್ಷದ ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಊರಿನ ಹನ್ನೆರಡು ಮಂದಿಯ ಪಾದ ತೊಳೆಯುವಾಗ, ಪ್ರತಿ ವರ್ಷ ಕರೆಯುತ್ತಿದ್ದ ನನ್ನನ್ನು ಕರೆಯಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಳು ಬಂತು. ಮನೆಗೆ ಹೋಗಿ ಕಣ್ಣಿಗೆ ಧೂಳು ಬಿತ್ತು ಅಂದೆ.

ಇಷ್ಟು ಸಾಲದು ಎನ್ನುವ ಹಾಗೆ ಇನ್ನೊಂದು ಶುರುವಾಯಿತು. ತನ್ನ ಜನರಿಗೇ ಜಾಗ ಬೇಡ ಅಂದನಲ್ಲ, ಹಾಗಾದರೆ ತೋಪಿನವರನ್ನು ಮತಾಂತರ ಮಾಡುತ್ತಿರಬೇಕು ಎಂದು ಯಾರೋ ಹಬ್ಬಿಸಿದರು. ಒಂದು ಮಧ್ಯಾಹ್ನ ಒಂದಷ್ಟು ಯುವಕರು ಬೈಕಿನಲ್ಲಿ ತೋಪಿಗೆ ಬಂದರು. ಫೋನ್ ಬಂತು, ನಾನು ಓಡಿದೆ. ಯುವಕರು ಯಲ್ಲವ್ವನ ಮನೆ ಮುಂದೆ ನಿಂತು, ಪುಸ್ತಕ ಕೊಟ್ಟರಾ, ಪ್ರಾರ್ಥನೆ ಮಾಡಿಸಿದರಾ, ಬಟ್ಟೆಬರೆ ಕೊಟ್ಟರಾ ಎಂದು ಗದರುತ್ತಿದ್ದರು. ನನ್ನನ್ನು ಕಂಡದ್ದೇ ಒಬ್ಬ, "ಬಂದ ನೋಡ್ರೋ" ಎಂದು ಮೈಮೇಲೆ ಬಂದ. ಇವತ್ತು ಏಟು ಬೀಳುತ್ತೆ ಅಂದುಕೊಂಡೆ.

ಯಲ್ಲವ್ವ ಕೈಯಲ್ಲಿದ್ದ ಹಿಟ್ಟು ಕೊಡವಿಕೊಂಡು ನಡುವೆ ಬಂದಳು. "ಕೊಡಾದೇನ್ ಬಂತು? ಈ ಮನಷ್ಯಾ ಇಷ್ಟು ದಿನದಾಗ ನಮಗ ಒಂದ್ ಕಪ್ ಚಾ ಕುಡಿಸಿಲ್ಲ. ಅವ್ರ ಹಬ್ಬದಾಗ ಕೇಕ್ ಕೊಡ್ತಾರಂತ, ನಮ್ ಹುಡುಗ್ರು ಕಾದಿದ್ದೇ ಬಂತು. ನನ್ನ ರೊಟ್ಟಿ ತಗೊಂಡ್ರೂ ರೊಕ್ಕ ಎಣಿಸಿ ಕೊಡ್ತಾನ. ಅಂಥಾ ಜುಗ್ಗ ನನ್ನ ದೇವ್ರನ್ನ ಏನ್ ಬದಲಿ ಮಾಡ್ತಾನ? ನಡೀರಿ, ನಂದು ಹಂಚು ಕಾದೈತಿ."

ಒಬ್ಬನಿಗೆ ನಗು ಬಂದುಬಿಟ್ಟಿತು. ಬೈಕುಗಳು ಹೋದವು. ಅವಳು ಹೇಳಿದ್ದು ನಿಜವೇ ಆಗಿತ್ತು. ಮತಾಂತರದ ಮಾತು ಬರಬಾರದು ಎಂದೇ ನಾನು ತೋಪಿನಲ್ಲಿ ಕ್ರಿಸ್ಮಸ್ ಕೇಕ್ ಹಂಚಲು ಹೋಗಿರಲಿಲ್ಲ. ನನ್ನನ್ನು ಜುಗ್ಗ ಎಂದು ಕರೆದು ಕಾಪಾಡಿದವಳು ಅವಳೊಬ್ಬಳೇ.

ಮುಂದಿನ ಚುನಾವಣೆಯಲ್ಲಿ ಸೋತೆ. ನಮ್ಮ ಬೀದಿಯ ಮತವೇ ಬರಲಿಲ್ಲ. ಅಲ್ಲಿಗೆ ನನ್ನ ರಾಜಕೀಯ ಮುಗಿಯಿತು. ಅದಾದ ಮೇಲಿನ ಬೇಸಿಗೆಯಲ್ಲಿ ಲೂರ್ದು ಹೋದಳು.

ಬೆಳಿಗ್ಗೆ ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದೆವು. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಫಾದರ್ ನನ್ನ ಪಕ್ಕ ಕೂತು, ಬೆಂಗಳೂರಿನ ಆ ಕಡೆಯ ಸಮಾಧಿಯಲ್ಲೂ ಜಾಗವಿಲ್ಲವಂತೆ, ವಿದ್ಯುತ್ ಚಿತಾಗಾರಕ್ಕೆ ಕೇಳಲಾ ಎಂದು ಬಹಳ ಮೃದುವಾಗಿ ಕೇಳಿದರು. ಶಾಂತಿ ನನ್ನನ್ನೇ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವಳಿಗೆ ಅಮ್ಮ ಬೇಡಿಕೊಂಡದ್ದು ಗೊತ್ತು, ಅಪ್ಪ ಕೈ ಎತ್ತದೆ ಕೂತದ್ದೂ ಗೊತ್ತು. ಕೇಳಿ ಫಾದರ್ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬೇಡ ಎಂದು ಹೇಳಲು ಬೇರೆ ದಾರಿ ಇರಲಿಲ್ಲ.

ಆ ಹೊತ್ತಿಗೆ ಪಕ್ಕದ ಮನೆಯವನು ಬಂದು ನನ್ನ ಕಿವಿಯಲ್ಲಿ, "ಚೌರಣ್ಣ, ಇನ್ನಾಸಪ್ಪ ಸಮಾಧಿ ತೋಟದಲ್ಲಿ ಗುಂಡಿ ತೆಗೆಸ್ತಾವ್ನೆ" ಅಂದ.

ನಾನು ಬರಿಗಾಲಲ್ಲಿ ಹೋದೆ. ಇಬ್ಬರು ಆಳುಗಳು ಅಗೆಯುತ್ತಿದ್ದರು. ಇನ್ನಾಸಣ್ಣ ಅಂಚಿನಲ್ಲಿ ಮಂಡಿಯೂರಿ, ಬಿಳಿ ಬಟ್ಟೆ ಹಾಸಿಕೊಂಡು, ಒಂದೊಂದೇ ಮೂಳೆಯ ಮಣ್ಣನ್ನು ಕೈಯಿಂದ ಒರೆಸಿ ಇಡುತ್ತಿದ್ದ. ಅದು ಅವನ ಅಮ್ಮ, ನನ್ನ ದೊಡ್ಡವ್ವ. ಅವನಿಗೆ ಸಕ್ಕರೆ ಕಾಯಿಲೆ, ಬೆವರು ಸುರಿಯುತ್ತಿತ್ತು.

"ಅಣ್ಣ, ಅದು ನಿನ್ ಜಾಗ."

ಅವನು ತಲೆ ಎತ್ತಲಿಲ್ಲ. "ನಿಂಗ್ ಕೊಡ್ತಿಲ್ಲ. ಲೂರ್ದುಗೆ ಕೊಡ್ತಿರೋದು. ನಮ್ಮವ್ವನ ಮೇಲೆ ಮಲಗ್ಸು, ಅವ್ವನಿಗೂ ಅವ್ಳಂದ್ರೆ ಇಷ್ಟ ಇತ್ತು."

"ಅಣ್ಣ..."

"ನೀನ್ ಮಾಡಿದ್ದು ಇವತ್ತೂ ತಪ್ಪೇ ಚೌರಿ. ಹೋಗು, ಪೆಟ್ಟಿಗೆ ತಗೊಂಡ್ಬಾ."

ಮಧ್ಯಾಹ್ನ ಅವಳನ್ನು ಇಳಿಸಿದೆವು. ತೋಪಿನವರು ಬಂದು ಗೋಡೆಯ ಆಚೆಯೇ ನಿಂತಿದ್ದರು. ಅವರನ್ನು ಒಳಗೆ ಕರೆದವನೂ ಇನ್ನಾಸಣ್ಣನೇ. ಎಲ್ಲರ ಜೊತೆ ಯಲ್ಲವ್ವನೂ ಒಂದು ಹಿಡಿ ಮಣ್ಣು ಹಾಕಿದಳು.

ಸಮಾಧಿ ಜಾಗದ ವಿಷಯ ಚರ್ಚಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆ ಹುಡುಗರಿಬ್ಬರು ಕಾಫಿ ಕುಡಿದು ಹೋಗುವ ಮೊದಲು, "ಕೊನೆಗೆ ನೀವು ಮಾಡಿದ್ದೇ ಸರಿ ಅನ್ಸತ್ತಾ ಅಂಕಲ್?" ಎಂದು ಕೇಳಿದ್ದರು. ನಾನು ಇವತ್ತೂ ಕೈ ಎತ್ತುವುದಿಲ್ಲ. ಆದರೆ ಅದರ ಬೆಲೆ ತೆತ್ತವನು ನಾನೊಬ್ಬನೇ ಅಂದುಕೊಂಡು ಬೀಗಬೇಡಿ. ನನ್ನ ನ್ಯಾಯಕ್ಕೆ ಇನ್ನಾಸಣ್ಣನ ಜಾಗ ಹೋಯಿತು, ನನ್ನನ್ನು ತಪ್ಪು ಅಂದವನದು.

ಮೊನ್ನೆ ನವೆಂಬರಿನಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ದಿನ ಸಮಾಧಿ ತೋಟಕ್ಕೆ ಹೋದೆ. ಇನ್ನಾಸಣ್ಣ ಮೊದಲೇ ಬಂದು ಸಮಾಧಿಯ ಕಟ್ಟೆಯ ಮೇಲೆ ಕೂತಿದ್ದ. ಲೂರ್ದುವನ್ನು ಮಲಗಿಸಿದ ದಿನದಿಂದ ಅವನು ನನ್ನ ಜೊತೆ ಮಾತಾಡಿರಲಿಲ್ಲ. ಅವನು ಅಮ್ಮನಿಗೆ ಹೂ ಹಾಕಿದ್ದ, ನಾನು ಹೆಂಡತಿಗೆ ಹಾಕಿದೆ. ಎರಡೂ ಒಂದೇ ಕಲ್ಲಿನ ಮೇಲೆ. ಅವನೇ ಮೊದಲು ಬಾಯಿ ಬಿಟ್ಟ.

"ನಾನ್ ಹೋದ್ರೆ ಎಲ್ಲಿ ಹಾಕ್ತಾರೋ ಚೌರಿ?"

ಮೂರು ಅವಧಿ ಮೆಂಬರಾಗಿದ್ದವನು ನಾನು. ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕಾದವನು ಯಾರಾದರೂ ಇದ್ದರೆ ಅದು ನಾನೇ.

"ಗೊತ್ತಿಲ್ಲಣ್ಣ" ಅಂದೆ.

ಅವನು ಹೂಂ ಅಂದ. ಕಟ್ಟೆಯ ಮೇಲೆ ಸ್ವಲ್ಪ ಸರಿದು ಕೂತ. ನಾನು ಪಕ್ಕದಲ್ಲಿ ಕೂತೆ.